ಹೊಸ ಭಾಷೆ ಆಮೇಲೆ, ಇರೋದನ್ನ ಮೊದಲು ಫೋನಿಗೆ ತನ್ನಿ

ಈ ಕಡೆ ತಲೆ ಹಾಕಿ ಬಹಳ ದಿನ ಆಗಿತ್ತು. ಇವತ್ತು ಸ್ವಲ್ಪ ಟೆಕ್ನಿಕಲ್ ವಿಷಯ, ಆದ್ರೆ ಬೋರ್ ಹೊಡೆಸಲ್ಲ :)

ಕಳೆದ ವಾರ ಬೆಳಗಾವಿಯಿಂದ ಖಾನಾಪುರಕ್ಕೆ, ಕಾಕಾನ ಮನೆಗೆ ಹೋಗಿದ್ದೆ. ಕಾಕಾನ ಮಗಳು ಡಿಪ್ಲೊಮಾ ಓದ್ತಿದಾಳೆ. "ಅಣ್ಣಾ, ಕಾಲೇಜಿನ್ಯಾಗ ಪೈಥಾನ್ ಐತಿ, ಮನ್ಯಾಗ ಲ್ಯಾಪ್‌ಟಾಪ್ ಇಲ್ಲ. ಫೋನಿನ್ಯಾಗ ನಡೀತೈತೇನು?" ಅಂದಳು. ಟರ್ಮಕ್ಸ್ ಹಾಕಿಕೊಟ್ಟೆ. ಸ್ವಲ್ಪ ಹೊತ್ತಿನಲ್ಲೇ ಹದಿನೇಳರ ಮಗ್ಗಿ ಪ್ರಿಂಟ್ ಆಯ್ತು. ಇಷ್ಟೇನಾ ಅನ್ನೋ ಹಾಗೆ ನೋಡಿದಳು.

ಇಷ್ಟೇ ಅಲ್ಲ. ಆಂಡ್ರಾಯ್ಡ್ ಒಳಗಿರೋದು ಲಿನಕ್ಸ್ ಕರ್ನಲ್ಲೇ, ಆದ್ರೆ ಲಿನಕ್ಸ್‌ಗೆ ಕಂಪೈಲ್ ಮಾಡಿದ ಪೈಥಾನ್ ತಂದಿಟ್ಟರೆ ಓಡಲ್ಲ. ಸಾಮಾನ್ಯವಾಗಿ ಅಲ್ಲಿ ಸಿ ಲೈಬ್ರರಿ ಗ್ಲಿಬ್‌ಸಿ, ಇಲ್ಲಿ ಬಯೋನಿಕ್. ಫೈಲುಗಳ ಜಾಗವೂ ಬೇರೆ. ಇಂಥ ಒಂದೊಂದು ವ್ಯತ್ಯಾಸಕ್ಕೂ ಯಾರೋ ಕೂತು ಪ್ಯಾಚ್ ಬರೆದಿದ್ದಾರೆ.

ಆಂಡ್ರಾಯ್ಡ್ ಮೇಲೆ ಪೈಥಾನ್ ಓಡಿಸೋ ಪ್ರಯತ್ನ 2009ರಲ್ಲೇ ಶುರುವಾಗಿತ್ತು. ಪೈಥಾನ್‌ನ ಮೂಲ ಯೋಜನೆ ಆಂಡ್ರಾಯ್ಡನ್ನು ಅಧಿಕೃತ ಬೆಂಬಲದ ಪಟ್ಟಿಗೆ ಸೇರಿಸಿದ್ದು ಮಾತ್ರ 3.13ರಲ್ಲಿ, ಅಂದ್ರೆ 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೈದು ವರ್ಷ ಹೊರಗಿನವರೇ ಹೊಸ ಆವೃತ್ತಿ ಬಂದಾಗಲೆಲ್ಲ ಪ್ಯಾಚುಗಳನ್ನು ಮತ್ತೆ ಹೊಂದಿಸ್ತಾ ಬಂದರು. ಅವರು ಸುಸ್ತಾಗಿ ಕೈಬಿಟ್ಟರೆ ಪೋರ್ಟ್ ಅಲ್ಲಿಗೇ ನಿಂತ ಹಾಗೆ.

ಈಗ ಸಿಕ್ಕಿರೋದೂ ಮೂರನೇ ದರ್ಜೆ. ಅಂದ್ರೆ ಒಬ್ಬ ಕೋರ್ ಡೆವಲಪರ್ ಹೊಣೆ ಹೊತ್ತಿರಬೇಕು. ಆದ್ರೆ ಆಂಡ್ರಾಯ್ಡ್‌ನಲ್ಲಿ ಏನಾದ್ರೂ ಕೆಟ್ಟರೆ ಹೊಸ ಆವೃತ್ತಿಯ ಬಿಡುಗಡೆ ನಿಲ್ಲಲ್ಲ. ವಿಂಡೋಸ್ ಮೊದಲ ದರ್ಜೆ, ಅಲ್ಲಿ ಕೆಟ್ಟರೆ ನಿಲ್ಲುತ್ತೆ. ನನ್ನ ಲ್ಯಾಪ್‌ಟಾಪ್ ಮೊದಲ ದರ್ಜೆ, ನನ್ನ ತಂಗಿಯ ಕೈಲಿರೋ ಒಂದೇ ಕಂಪ್ಯೂಟರ್ ಮೂರನೇ ದರ್ಜೆ!

ಕನ್ನಡದ ಕೀವರ್ಡ್ ಇರೋ ಹೊಸ ಭಾಷೆ ಮಾಡಬೇಕು ಅಂತ ನಮ್ಮಂಥವರಿಗೆ ಆಗಾಗ ಹುರುಪು ಬರುತ್ತೆ. ನಾನೂ ಒಂದು ಶುರುಮಾಡಿ ಅರ್ಧಕ್ಕೇ ಬಿಟ್ಟವನೇ. ಆ ಕನಸು ತಪ್ಪಲ್ಲ. ಆದ್ರೆ ಇರೋ ಭಾಷೆ ಬಡವರ ಮನೆಯ ಯಂತ್ರದ ಮೇಲೆ ಸರಿಯಾಗಿ ಓಡೋ ಹಾಗೆ ನೋಡಿಕೊಳ್ಳೋದು ಅದಕ್ಕಿಂತ ಮೊದಲ ಕೆಲಸ ಅಂತ ನನ್ನ ಅಭಿಪ್ರಾಯ. ಅದಕ್ಕೆ ಮಹಾ ಪಂಡಿತರೇ ಆಗಬೇಕಿಲ್ಲ. ಮೂಲೇಲಿ ಬಿದ್ದಿರೋ ಹಳೇ ಫೋನಿನಲ್ಲಿ ಓಡಿಸಿ ನೋಡಿ, ಎಲ್ಲಿ ಮುಗ್ಗರಿಸ್ತು ಅಂತ ವರದಿ ಮಾಡಿ. ಇನ್‌ಸ್ಟಾಲ್ ಮಾಡೋದು ಹೇಗೆ ಅಂತ ಕನ್ನಡದಲ್ಲಿ ಒಂದು ಪುಟ ಬರೀರಿ. ನನ್ನ ಪಾಲಿನ ಪುಟ ಮುಂದಿನ ವಾರ ಇಲ್ಲೇ ಹಾಕ್ತೀನಿ.

ಅಂದಹಾಗೆ, ನಿನ್ನೆ ರಾತ್ರಿ ಮಳೆಗೆ ಖಾನಾಪುರದಲ್ಲಿ ಕರೆಂಟ್ ಹೋಗಿತ್ತಂತೆ. ತಂಗಿ ಕತ್ತಲಲ್ಲೇ ಕೂತು, ಫೋನಿನಲ್ಲಿ ಮಗ್ಗಿಯನ್ನ ಇಪ್ಪತ್ತರವರೆಗೂ ಮುಗಿಸಿದ್ದಾಳೆ.

ನೀವೇನಂತೀರಿ?