ಆ ಬಾಟಲಿಯ ಬ್ಯಾಚ್ ನಂಬರ್ ಕೇಳಿ!

ತೋರಣಗಲ್ಲಿನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಮರೆತುಬಿಟ್ಟೆವಾ ನಾವು? 2024ರ ನವೆಂಬರ್ 9ರಿಂದ 11. ಬಳ್ಳಾರಿ ಜಿಲ್ಲಾಸ್ಪತ್ರೆ. ಆ ಮೂರು ದಿನಗಳಲ್ಲಿ 34 ಸಿಸೇರಿಯನ್ ಹೆರಿಗೆ. ಏಳು ಬಾಣಂತಿಯರ ಸ್ಥಿತಿ ಕೆಟ್ಟಿತು. ಕಿಡ್ನಿ ಕೈಕೊಟ್ಟಿತು. ಡಿಸೆಂಬರ್ ಮೊದಲ ವಾರ ಮುಗಿಯುವಷ್ಟರಲ್ಲಿ ಐವರು ಹೆಣವಾದರು!

ತೊಟ್ಟಿಲು ಕಟ್ಟಬೇಕಾದ ಮನೆಗಳಿಗೆ ಸಾವು ಹೊಕ್ಕಿತು. ತಾಯಿಯಿಲ್ಲದ ಕೂಸಿಗೆ ಪುಡಿಹಾಲು ಕಲಸುವ ಅಜ್ಜಿಯ ಕೈ ಹೇಗೆ ನಡುಗುತ್ತದೆ, ಅದು ಯಾವ ತನಿಖಾ ವರದಿಯಲ್ಲೂ ಬರುವುದಿಲ್ಲ.

ಅನುಮಾನ ಬಿದ್ದಿದ್ದು ಯಾವುದರ ಮೇಲೆ? ಕೈಗೆ ಹಾಕುವ ಸಲೈನ್ ಮೇಲೆ. ರಿಂಗರ್ಸ್ ಲ್ಯಾಕ್ಟೇಟ್ ಎಂಬ ಸಾದಾ ದ್ರಾವಣ. ನಾವು ಗ್ಲೂಕೋಸ್ ಎಂದು ಕರೆಯುವ ಬಾಟಲಿಗಳ ಜೊತೆಗೇ ನೇತಾಡುವಂಥದ್ದು. ತಯಾರಿಸಿದ್ದು ಪಶ್ಚಿಮ ಬಂಗಾಳದ ಕಂಪನಿ, ಪಶ್ಚಿಮ್ ಬಂಗಾ ಫಾರ್ಮಾಸ್ಯುಟಿಕಲ್ಸ್.

ಹೊಟ್ಟೆ ಉರಿಯುವ ಮಾತು ಇನ್ನೂ ಮುಂದಿದೆ. ಈ ಕಂಪನಿಯ ಸಲೈನ್ ಬಗ್ಗೆ ಸರ್ಕಾರಕ್ಕೆ ಮೊದಲೇ ಗೊತ್ತಿತ್ತು! ರಾಜ್ಯದ ಪ್ರಯೋಗಾಲಯ ಕೆಲವು ಬ್ಯಾಚುಗಳ ಗುಣಮಟ್ಟ ಸರಿಯಿಲ್ಲ ಎಂದಿತ್ತು. ಬಳಕೆ ನಿಲ್ಲಿಸಿದ್ದರು. ಆಮೇಲೆ ಕೇಂದ್ರದ ಪ್ರಯೋಗಾಲಯ ಕೆಲವನ್ನು ಪಾಸು ಮಾಡಿತು. ತಡೆಹಿಡಿದ ಬಾಟಲಿಗಳು ಮತ್ತೆ ಹೊರಬಿದ್ದವು. ಒಂದು ಲ್ಯಾಬ್ ಬೇಡ ಅಂತು, ಇನ್ನೊಂದು ಆಗಲಿ ಅಂತು. ಇಬ್ಬರ ಜಗಳ ನಮ್ಮ ಹೆಣ್ಣುಮಕ್ಕಳ ನರದೊಳಗೆ ತೀರ್ಮಾನವಾಗಬೇಕಿತ್ತೇ? ಅನುಮಾನದ ಲಾಭ ಕಂಪನಿಗೆ, ಅನುಮಾನದ ಬಾಟಲಿ ಬಾಣಂತಿಗೆ!

ತಕರಾರಿನ ಬಾಟಲಿಯನ್ನು ಬಾಣಂತಿಗೆ ಏರಿಸುವುದೂ ಒಂದು ಪರೀಕ್ಷೆಯೇ ಅಲ್ಲವೇ? ಹೊಸ ಔಷಧಿಯನ್ನು ಮನುಷ್ಯರ ಮೇಲೆ ಪರೀಕ್ಷಿಸಲು ದೇಶದಲ್ಲಿ 2019ರ ನಿಯಮಗಳಿವೆ. ನೀತಿ ಸಮಿತಿ ಒಪ್ಪಬೇಕು. ಎಲ್ಲಾ ತಿಳಿಸಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು. ಹಾನಿಯಾದರೆ ಪರಿಹಾರ ಕೊಡಬೇಕು. ಬಳ್ಳಾರಿಯಲ್ಲಿ ನಡೆದಿದ್ದಕ್ಕೆ ಪರೀಕ್ಷೆ ಅಂತ ಯಾರೂ ಹೆಸರಿಡಲಿಲ್ಲ. ಆದ್ದರಿಂದ ಯಾರನ್ನೂ ಕೇಳಲೂ ಇಲ್ಲ. ಆಪರೇಷನ್‌ಗೆ ಮುಂಚೆ ನೀವು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಬಾಟಲಿಯ ತಕರಾರು ಬರೆದಿತ್ತೇ? ಬಾಟಲಿ ಏರಿಸಿದ ಸಿಸ್ಟರ್‌ಗಾದರೂ ಗೊತ್ತಿತ್ತೇ? ಆಕೆಯ ಮೇಲೆ ಸಿಟ್ಟು ಬೇಡ. ಆಕೆಯೂ ಕೊಟ್ಟಿದ್ದನ್ನು ಹಾಕುವವಳು.

ನೆನಪಿರಲಿ, ಅದೇ ನವೆಂಬರ್ 13ಕ್ಕೆ ನಮ್ಮ ಸಂಡೂರು ಕ್ಷೇತ್ರದ ಉಪಚುನಾವಣೆ. ದೊಡ್ಡವರೆಲ್ಲ ಇಲ್ಲೇ ಇದ್ದರು! ನಮ್ಮ ಬಾಗಿಲಿಗೆ ಬಂದು ಕೈಮುಗಿದರು. ಓಟು ಕೇಳಿದ ಯಾವ ಮೈಕಿನಲ್ಲೂ ಆ ಬಾಟಲಿಯ ಸುದ್ದಿ ಬರಲಿಲ್ಲ.

ಆಮೇಲೆ? ಔಷಧ ನಿಯಂತ್ರಕರ ಅಮಾನತು. ಸತ್ತವರ ಮನೆಗೆ 5 ಲಕ್ಷ ಪರಿಹಾರದ ಘೋಷಣೆ. 2025ರ ಜನವರಿಯಲ್ಲಿ ಬಂಗಾಳದ ಮೇದಿನಿಪುರದಲ್ಲೂ ಸಿಸೇರಿಯನ್ ಆದ ಬಾಣಂತಿಯೊಬ್ಬಳು ತೀರಿಕೊಂಡಳು. ಅಲ್ಲೂ ಬೆರಳು ತೋರಿದ್ದು ಇದೇ ಕಂಪನಿಯ ಸಲೈನ್ ಕಡೆಗೆ.

ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೂಲಿ, ಗಣಿಯಲ್ಲಿ ಧೂಳು ಕುಡಿಯುವ ನಮಗೆ ಹೆರಿಗೆ ಬಿಗಡಾಯಿಸಿದರೆ ಸಂಡೂರು, ಇಲ್ಲವೇ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯೇ ಗತಿ. ಬಿಟ್ಟು ಓಡುವುದಕ್ಕೆ ಬೇರೆ ಜಾಗವಿಲ್ಲ. ಆದ್ದರಿಂದಲೇ ಕೇಳಬೇಕು!

ನಿಮ್ಮವರಿಗೆ ಸಲೈನ್ ಹಚ್ಚುವಾಗ ಬಾಟಲಿಯ ಚೀಟಿಯನ್ನು ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ಕಂಪನಿ, ಬ್ಯಾಚ್ ನಂಬರ್, ಅವಧಿ ಕಾಣಬೇಕು. ಕೇಸ್ ಶೀಟಿನ ನಕಲು ಕೇಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತದೆ. ಹೆದರಬೇಡಿ, ಅದು ಭಿಕ್ಷೆಯಲ್ಲ! ಯಾರಾದರೂ ಗದರಿದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.

ಇನ್ನೊಂದು ಕೆಲಸ ಎಲ್ಲರೂ ಕೂಡಿ ಮಾಡುವುದು. ಪರೀಕ್ಷೆಯಲ್ಲಿ ಫೇಲಾದ, ತಕರಾರಿನಲ್ಲಿರುವ ಔಷಧಿಗಳ ಪಟ್ಟಿ ಪ್ರತಿ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲಿ ತೂಗಬೇಕು. ತಕರಾರು ತೀರುವ ತನಕ ಒಂದು ಹನಿಯೂ ರೋಗಿಯ ಮೈಗೆ ಇಳಿಯಬಾರದು. ಈ ಮನವಿಗೆ ಸಹಿ ಹಾಕಿ, ಹೆಬ್ಬೆಟ್ಟಾದರೂ ಒತ್ತಿ. ಸಂಡೂರಿನ ತಹಶೀಲ್ದಾರ್ ಕಚೇರಿಗೆ ಕೊಡಲು ನಮ್ಮ ಜೊತೆ ಬನ್ನಿ. ಬಸುರಿ ಇರುವ ಮನೆಯಿಂದ ಒಬ್ಬರಾದರೂ ಬರಲೇಬೇಕು!