ತೆರಿಗೆ ತಪ್ಪಲಿಲ್ಲ, ಮತ ತಪ್ಪಿತು

ಮೂಡಲಗಿ ತಾಲೂಕು ಹುಟ್ಟಿದ್ದು 2018ರಲ್ಲಿ. ಅದಕ್ಕೆ ಮೊದಲು ಆ ಊರು ಗೋಕಾಕ ತಾಲೂಕಿಗೆ ಸೇರಿತ್ತು. ರಾಜ್ಯದ ತಾಲೂಕು ಪಂಚಾಯತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ಮುಂದಿನ ಚುನಾವಣೆಯಿಲ್ಲದೆ 2025ನೆಯ ವರ್ಷವೂ ಕಳೆದುಹೋಯಿತು. ಲೆಕ್ಕ ಕಠಿಣವಾದುದಲ್ಲ. ಮೂಡಲಗಿ ತಾಲೂಕಿನ ಮತದಾರನು ಆ ಎಲ್ಲ ವರ್ಷಗಳಲ್ಲಿ ತನ್ನ ತಾಲೂಕು ಪಂಚಾಯತಿಗೆಂದು ಒಮ್ಮೆಯೂ ಮತ ಹಾಕಲಿಲ್ಲ. ತಾಲೂಕು ಬಂದಿತು, ತಹಶೀಲದಾರರು ಬಂದರು, ಕಚೇರಿಯ ಫಲಕವೂ ಬಂದಿತು. ಜನರು ಆರಿಸಿದ ಸದಸ್ಯರು ಮಾತ್ರ ಬರಲಿಲ್ಲ.

ಇದೇನು ಹೊಸ ಅನ್ಯಾಯವೇ? ಹಾಗೆ ತಿಳಿಯುವವರು ಈ ಸೀಮೆಯ ಹಳೆಯ ಲೆಕ್ಕವನ್ನು ಒಮ್ಮೆ ತಿರುವಿ ನೋಡಬೇಕು.

ಮುಂಬಯಿ ಇಲಾಖೆಯಲ್ಲಿ ಲೋಕಲ್ ಬೋರ್ಡಿನ ಚುನಾವಣೆಗಿಂತ ಮೊದಲು ಬಂದದ್ದು ಲೋಕಲ್ ಫಂಡಿನ ವಸೂಲಿ. ರೈತನು ತೆರುವ ಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಹೆಚ್ಚು. ಅದರ ಮೂರು ಪಾಲಿನಲ್ಲಿ ಎರಡು ಪಾಲು ರಸ್ತೆ ಮೊದಲಾದ ಕಾಮಗಾರಿಗಳಿಗೆ, ಒಂದು ಪಾಲು ಶಾಲೆಗಳಿಗೆ. ಹಣ ಕೊಟ್ಟವನನ್ನೂ ಒಂದು ಮಾತು ಕೇಳೋಣವೆಂಬ ವಿಚಾರ ಬಂದದ್ದು 1882ರಲ್ಲಿ, ಲಾರ್ಡ್ ರಿಪನ್ನರ ಠರಾವು ಹೊರಟ ಮೇಲೆ. 1884ರಲ್ಲಿ ಮುಂಬಯಿಯ ಲೋಕಲ್ ಬೋರ್ಡು ಕಾಯದೆ ಆಯಿತು. ಕೆಲವು ಸದಸ್ಯರನ್ನು ಆರಿಸಬಹುದು, ಉಳಿದವರನ್ನು ಸರಕಾರ ನೇಮಿಸುತ್ತದೆ. ಜಿಲ್ಲಾ ಬೋರ್ಡಿನ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತವರು ಮಾತ್ರ ಕಲೆಕ್ಟರ ಸಾಹೇಬರೇ!

ಅದೇ ಕಾಲಕ್ಕೆ ನಮ್ಮನ್ನಾಳುವವರ ಸ್ವಂತ ದೇಶದಲ್ಲಿ ಏನು ನಡೆಯಿತೆಂಬುದನ್ನೂ ನೋಡಬೇಕು. ಇಂಗ್ಲಂಡಿನ ಹಳ್ಳಿಗಾಡಿನ ಕೌಂಟಿಗಳನ್ನು ಅಲ್ಲಿಯವರೆಗೆ ಆಳುತ್ತಿದ್ದವರು ನೇಮಕಗೊಂಡ ಜಮೀನುದಾರ ಮ್ಯಾಜಿಸ್ಟ್ರೇಟರು. 1888ರ ಕಾಯದೆಯಿಂದ ಕೌಂಟಿಗಳಿಗೆ ಚುನಾಯಿತ ಕೌನ್ಸಿಲು ಬಂದಿತು. 1894ರ ಕಾಯದೆಯು ಹಳ್ಳಿಗಳಿಗೆ ಪ್ಯಾರಿಷ್ ಕೌನ್ಸಿಲು ಕೊಟ್ಟಿತು. ಅದಕ್ಕೆ ಹೆಂಗಸರು ಮತ ಹಾಕಬಹುದಿತ್ತು, ತಾವೇ ಉಮೇದುವಾರರಾಗಿ ನಿಲ್ಲಲೂಬಹುದಿತ್ತು. ಅಲ್ಲಿ ಜಮೀನುದಾರನ ಕೈಯಿಂದ ಬಿಡಿಸಿಕೊಂಡದ್ದನ್ನು ಇಲ್ಲಿ ಕಲೆಕ್ಟರರ ಕೈಯಲ್ಲಿ ಭದ್ರವಾಗಿಟ್ಟರು.

ಇನ್ನು ಮತ ಯಾರಿಗಿತ್ತು? ಹಳ್ಳಿಯಲ್ಲಿ ಕಂದಾಯ ಕೊಡುವ ಭೂಮಿಯುಳ್ಳವನಿಗೆ, ಇನಾಮದಾರನಿಗೆ. ಪೇಟೆಯಲ್ಲಿ ಪಟ್ಟಿ ತೆರುವ ಆಸ್ತಿವಂತನಿಗೆ. ಗೋಕಾಕ ಫಾಲ್ಸಿನ ಗಿರಣಿ ನೂಲು ತೆಗೆಯತೊಡಗಿದ್ದು 1887ರಲ್ಲಿ, ಎಂದರೆ ಲೋಕಲ್ ಬೋರ್ಡು ಕಾಯದೆ ಬಂದ ಮೂರು ವರ್ಷಕ್ಕೆ. ಕಂಪನಿಯ ಚಾಳಿನಲ್ಲಿ ವಾಸಿಸುವ ಕಾಮಗಾರನಿಗೆ ಭೂಮಿಯೂ ಇಲ್ಲ, ಸ್ವಂತ ಮನೆಯೂ ಇಲ್ಲ. ಆದುದರಿಂದ ಅವನ ಮಾತಿಗೆ ಬೋರ್ಡಿನಲ್ಲಿ ಬೆಲೆಯೂ ಇಲ್ಲ. ಅವನು ನಡೆಯುವ ರಸ್ತೆ, ಅವನ ಮಗ ಕಲಿಯುವ ಶಾಲೆ ಇವುಗಳ ವಿಚಾರವನ್ನು ನಿರ್ಧರಿಸುವವರು ಬೇರೆಯವರು.

ಸ್ವಾತಂತ್ರ್ಯ ಬಂದಿತು, ವಯಸ್ಕರೆಲ್ಲರಿಗೂ ಮತ ಬಂದಿತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; 1959ರ ಕಾಯದೆಯಿಂದ ಗ್ರಾಮ ಪಂಚಾಯತಿ ಮತ್ತು ತಾಲೂಕು ಬೋರ್ಡುಗಳಾದವು. ಕಲೆಕ್ಟರರ ಕುರ್ಚಿಗೆ ನಿಜವಾಗಿ ಕೈ ಹಾಕಿದ್ದು 1983ರ ಕಾಯದೆ. ಅದನ್ನು ತಂದ ಅಬ್ದುಲ್ ನಜೀರಸಾಬರನ್ನು ಜನರು ನೀರಸಾಬರೆಂದು ಕರೆದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ನೂರಕ್ಕೆ 25 ಸ್ಥಾನ ಹೆಂಗಸರಿಗೆ, ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ. ಐದು ವರ್ಷ ನಡೆಯಿತು. 1992ರಲ್ಲಿ ಅವಧಿ ತೀರಿದಾಗ ಮರುಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು! ಸಂವಿಧಾನದ 73ನೆಯ ತಿದ್ದುಪಡಿ ಬಂದ ಮೇಲೆ, 1993ರ ಹೊಸ ಕಾಯದೆಯ ಅಡಿಯಲ್ಲಿ, ಅದೇ ವರ್ಷದ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿಗಳಿಗೆ ಮತದಾನವಾಯಿತು.

ಪೇಟೆಯ ಕಥೆ ಇದಕ್ಕಿಂತ ಮೇಲೆಂದು ವ್ಯಾಪಾರಿ ಬಂಧುಗಳು ತಿಳಿಯಬಾರದು. ಜಕಾತಿ ನಾಕಾಗಳನ್ನು ಅವರು ಶಪಿಸುತ್ತಿದ್ದರು, ಅದು ಸಹಜ. ಆದರೆ 1979ರಲ್ಲಿ ರಾಜ್ಯದಲ್ಲಿ ಜಕಾತಿ ರದ್ದಾದ ಮೇಲೆ ಮುನಸಿಪಾಲಿಟಿಗಳು ಬೆಂಗಳೂರಿನ ಅನುದಾನದ ದಾರಿ ಕಾಯುವಂತಾದವು. ಕುರ್ಚಿಯ ಕೀಲಿಯೂ ಅಲ್ಲಿಗೇ ಹೋಯಿತು. 2018ರ ಅಗಸ್ಟ 31ರಂದು ಮತದಾನವಾಗಿ, ಸೆಪ್ಟೆಂಬರ 3ರಂದು ಫಲಿತಾಂಶ ಹೊರಬಿದ್ದ ನಗರಸಭೆ, ಪುರಸಭೆಗಳಲ್ಲಿ ಗೋಕಾಕದ್ದೂ ಒಂದು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ, ಗೆದ್ದ ಸದಸ್ಯರು 2020ರ ಕೊನೆಯವರೆಗೆ ಅಧ್ಯಕ್ಷರಿಲ್ಲದೆ ಕುಳಿತರು. ನಡುವೆ, 2019ರ ಅಗಸ್ಟಿನಲ್ಲಿ, ಘಟಪ್ರಭೆ-ಮಾರ್ಕಂಡೇಯ ಉಕ್ಕಿ ಗೋಕಾಕದ ಮನೆ-ಅಂಗಡಿಗಳನ್ನು ಹೊಕ್ಕವು. ಸಂಸಾರವೇ ನೀರಿನಲ್ಲಿ ನಿಂತ ಹೊತ್ತಿನಲ್ಲಿ ಊರಿಗೆ ತಾನು ಆರಿಸಿದ ಅಧ್ಯಕ್ಷನಿರಲಿಲ್ಲ. ಮುಂದೆ 2023ರಲ್ಲಿ ಮೊದಲ ಅವಧಿ ತೀರಿದಾಗಲೂ ಇದೇ ಪಾಡು. ಎರಡನೆಯ ಅವಧಿಯ ಮೀಸಲಾತಿ ಹೊರಬಂದದ್ದು 2024ರ ಅಗಸ್ಟಿನಲ್ಲಿ.

ಹುಕ್ಕೇರಿಯಲ್ಲಿ ಇನ್ನೊಂದು ವಿಚಿತ್ರವಿದೆ. ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಿಂದ ಆ ತಾಲೂಕಿಗೆ ದೀಪ ಹಚ್ಚುತ್ತ ಬಂದಿದೆ. ಅದರ ಆಡಳಿತ ಮಂಡಳಿಗೆ 2025ರ ಸೆಪ್ಟೆಂಬರಿನಲ್ಲಿ ಚುನಾವಣೆಯಾಯಿತು; ಜಿಲ್ಲೆಯ ಘಟಾನುಘಟಿ ಪುಢಾರಿಗಳೆಲ್ಲ ಊರೂರು ಅಲೆದರು. ಸಂಘಕ್ಕೆ ಮತಪೆಟ್ಟಿಗೆ ಸಿಕ್ಕಿತು, ಅದೇ ತಾಲೂಕಿನ ಪಂಚಾಯತಿಗೆ ಸಿಗಲಿಲ್ಲ. ಅಲ್ಲಿ ಅಲೆದವರಲ್ಲಿ ಎಷ್ಟು ಜನ ತಾಲೂಕು ಪಂಚಾಯತಿಯ ಚುನಾವಣೆಗಾಗಿ ಬಾಯಿ ಬಿಟ್ಟರು?

ಸರಕಾರದ ಉತ್ತರ ನಮಗೆ ಗೊತ್ತಿದೆ: ಕ್ಷೇತ್ರಗಳ ಗಡಿ ಗುರುತಿಸಬೇಕು, ಮೀಸಲಾತಿ ನಿಗದಿಯಾಗಬೇಕು. 2021ರಲ್ಲಿ ಕಾಯದೆಯನ್ನು ತಿದ್ದಿ, ಗಡಿ ಗುರುತಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೊಂದು ಆಯೋಗಕ್ಕೆ ಒಪ್ಪಿಸಿದರು. ಆಗ ಇದ್ದದ್ದು ಒಂದು ಪಕ್ಷದ ಸರಕಾರ. 2023ರ ಮೇ ತಿಂಗಳಲ್ಲಿ ಇನ್ನೊಂದು ಪಕ್ಷದ ಸರಕಾರ ಬಂದಿತು. ಈ ಒಂದು ವಿಷಯದಲ್ಲಿ ಎರಡಕ್ಕೂ ಜಗಳವಿಲ್ಲ. ಶಾಸಕರಿಗೂ ದುಃಖವಿಲ್ಲ, ಕಾಮಗಾರಿಗಳ ಹಂಚಿಕೆಯಲ್ಲಿ ಪಾಲುದಾರರು ಕಡಿಮೆಯಾದರೆ ಯಾರಿಗೆ ಬೇಡ? ಆದರೆ ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿಯಬೇಕೆಂದು ಸಂವಿಧಾನದ 243-ಇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಮುನಸಿಪಾಲಿಟಿಗಳಿಗೆ ಇರುವ ಇಂಥದೇ ನಿಯಮವನ್ನು ಮೀರಬಾರದೆಂದು 2006ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಪ್ರಕರಣದಲ್ಲಿ ಹೇಳಿತು.

ಮೂರೂ ತಾಲೂಕುಗಳ ಕಾಮಗಾರ ಬಂಧುಗಳು, ಸಂತೆಯ ವ್ಯಾಪಾರಿಗಳು ತಮ್ಮ ಶಾಸಕರು ಊರಿಗೆ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಮತದಾನದ ತಾರೀಖು ಯಾವುದು? ಮೂಡಲಗಿಯವರು ಅದನ್ನು ಎಲ್ಲರಿಗಿಂತ ಮೊದಲು ಕೇಳಲಿ.