ಬೇಸಿಗೆಯ ಬಿಡುವು

ವರ್ಷದ ಹತ್ತು ತಿಂಗಳ ಕಾಲ ವಿದ್ಯಾರ್ಥಿಯ ದಿನಚರಿಯನ್ನು ಶಾಲೆಯ ಗಂಟೆ ಆಳುತ್ತದೆ. ಯಾವ ಹೊತ್ತಿಗೆ ಯಾವ ಪುಸ್ತಕವನ್ನು ತೆರೆಯಬೇಕು, ಯಾವ ಹೊತ್ತಿಗೆ ಮುಚ್ಚಬೇಕು, ಯಾವಾಗ ಆಡಬೇಕು, ಯಾವಾಗ ಪರೀಕ್ಷೆ ಬರೆಯಬೇಕು ಎಂಬುದೆಲ್ಲವೂ ವೇಳಾಪಟ್ಟಿಯಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ವಾರ್ಷಿಕ ಪರೀಕ್ಷೆಗಳು ಮುಗಿದು ಏಪ್ರಿಲ್ ತಿಂಗಳಲ್ಲಿ ಶಾಲೆಯ ಬಾಗಿಲು ಮುಚ್ಚಿದೊಡನೆ ಈ ಆಳ್ವಿಕೆ ಕೊನೆಗೊಳ್ಳುತ್ತದೆ. ಅಲ್ಲಿಂದ ಮೇ ತಿಂಗಳ ಕೊನೆಯವರೆಗೆ, ಸುಮಾರು ಆರೇಳು ವಾರಗಳ ಕಾಲ, ವಿದ್ಯಾರ್ಥಿಯ ಕೈಗೆ ಒಂದು ದೊಡ್ಡ ಸಂಪತ್ತು ಬರುತ್ತದೆ. ಅದೇ ಬಿಡುವು.

ಈ ಸಂಪತ್ತಿನ ಒಡೆಯರು ಯಾರು ಎಂಬ ಪ್ರಶ್ನೆ ಇಂದು ಎದ್ದಿದೆ. ಪರೀಕ್ಷೆ ಮುಗಿದ ಮರುವಾರವೇ ಮುಂದಿನ ತರಗತಿಯ ಮನೆಪಾಠ ಆರಂಭವಾಗುವ ಮನೆಗಳುಂಟು. ನಗರಗಳಲ್ಲಿ ಚಿತ್ರಕಲೆಗೊಂದು, ಈಜಿಗೊಂದು, ಶೀಘ್ರ ಗಣಿತಕ್ಕೊಂದು ಎಂಬಂತೆ ಶುಲ್ಕ ಕೊಟ್ಟು ಸೇರುವ ಬೇಸಿಗೆ ಶಿಬಿರಗಳು ನಡೆಯುತ್ತವೆ. ಇವೆರಡೂ ಇಲ್ಲದ ಕಡೆ ಮೊಬೈಲಿನ ಪರದೆ ಹಗಲಿನ ಬಹುಭಾಗವನ್ನು ನುಂಗಿಹಾಕುತ್ತದೆ. ಇದಕ್ಕಾಗಿ ತಾಯಿತಂದೆಯರನ್ನು ದೂರಿ ಫಲವಿಲ್ಲ. ಸ್ಪರ್ಧೆ ಬಿರುಸಾಗಿದೆ, ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಹಗಲು ಮಕ್ಕಳನ್ನು ನೋಡಿಕೊಳ್ಳುವವರಿಲ್ಲ, ಶಿಬಿರಗಳಲ್ಲಿ ಒಳ್ಳೆಯವೂ ಇವೆ. ಆದರೆ ಇನ್ನೊಬ್ಬರು ಬರೆದುಕೊಟ್ಟ ವೇಳಾಪಟ್ಟಿಯಂತೆಯೇ ರಜೆಯೂ ಕಳೆದುಹೋದರೆ, ತನ್ನ ಹೊತ್ತನ್ನು ತಾನೇ ಬಳಸಿಕೊಳ್ಳುವ ವಿದ್ಯೆಯನ್ನು ಮಗು ಕಲಿಯುವುದಾದರೂ ಯಾವಾಗ? ಯಾವ ಪಠ್ಯಪುಸ್ತಕವೂ ಈ ವಿದ್ಯೆಯನ್ನು ಹೇಳಿಕೊಡಲಾರದು. ಕೈಯಲ್ಲಿ ಬಿಡುವಿದ್ದಾಗ ಮಾತ್ರ ಅದರ ಅಭ್ಯಾಸ ಸಾಧ್ಯ.

ಬಿಡುವೆಂದರೆ ಸುಮ್ಮನೆ ಕುಳಿತಿರುವುದೆಂದು ಕೆಲವರು ಭಾವಿಸುತ್ತಾರೆ. ಸುಮ್ಮನೆ ಕುಳಿತವನಿಗೆ ಎರಡೇ ದಿನಗಳಲ್ಲಿ ಬೇಸರ ಹುಟ್ಟುತ್ತದೆ. ತಾನೇ ಆರಿಸಿಕೊಂಡ ಕೆಲಸದಲ್ಲಿ ತೊಡಗಿದವನಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಂಥ ಕೆಲಸಗಳು ಹಲವು. ಅವುಗಳಲ್ಲಿ ಹೆಚ್ಚು ಖರ್ಚಿಲ್ಲದೆ ಹಳ್ಳಿ ಪಟ್ಟಣಗಳೆರಡರಲ್ಲಿಯೂ ಸಾಧ್ಯವಾಗುವ ಮೂರನ್ನು ಇಲ್ಲಿ ವಿಚಾರಿಸಬಹುದು: ಕೈಯಿಂದ ಏನನ್ನಾದರೂ ಮಾಡುವುದು, ಹತ್ತಿರದ ಸ್ಥಳವೊಂದಕ್ಕೆ ಹೋಗಿಬರುವುದು, ಕುಂಡದಲ್ಲಿ ಗಿಡ ಬೆಳೆಸುವುದು.

ಕೈಕೆಲಸದ ಸಾಮಗ್ರಿಗಾಗಿ ಅಂಗಡಿಗೆ ಹೋಗಬೇಕಾಗಿಲ್ಲ. ತೆಂಗಿನ ಹಸಿ ಗರಿಯೊಂದು ದೊರೆತರೆ ಅದನ್ನು ಸೀಳಿ, ಕಡ್ಡಿಯನ್ನು ಬೇರ್ಪಡಿಸಿ, ಊದುವ ಪೀಪಿಯನ್ನೋ ಗಾಳಿಗೆ ತಿರುಗುವ ಚಕ್ರವನ್ನೋ ಪುಟ್ಟ ಬುಟ್ಟಿಯನ್ನೋ ಮಾಡಬಹುದು. ಉತ್ತರ ಕರ್ನಾಟಕದ ಊರುಗಳಲ್ಲಿ ಮುಂಗಾರಿನ ಆರಂಭದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಪೂಜಿಸುವ ಎತ್ತುಗಳನ್ನು ಜೇಡಿಮಣ್ಣಿನಿಂದ ಮಾಡುವುದೆಂದರೆ ಮಕ್ಕಳಿಗೆ ಹಬ್ಬಕ್ಕಿಂತ ಮೊದಲ ಹಬ್ಬ. ಹೊರನೋಟಕ್ಕೆ ಇವೆಲ್ಲ ಬರಿಯ ಆಟ. ಆದರೆ ಬಾಡಿದ ಗರಿ ಮಡಿಸಿದಲ್ಲಿ ಬಿರಿಯುತ್ತದೆ. ಮಣ್ಣಿಗೆ ನೀರು ಹೆಚ್ಚಾದರೆ ಎತ್ತಿನ ಕಾಲು ನಿಲ್ಲುವುದಿಲ್ಲ, ಕಡಿಮೆಯಾದರೆ ಕೊಂಬು ಮುರಿಯುತ್ತದೆ. ಗುರುಗಳು ಗದರಿಸುವ ಮೊದಲೇ ವಸ್ತುವು ತಾನಾಗಿ ತಪ್ಪನ್ನು ತೋರಿಸಿಕೊಡುತ್ತದೆ. ಇಲ್ಲಿ ಯಾರೂ ಅಂಕ ಕೊಡುವುದಿಲ್ಲ; ನಾಲ್ಕನೆಯ ಬಾರಿ ಎತ್ತು ತನ್ನ ಕಾಲ ಮೇಲೆ ನಿಂತಿತೆಂಬುದೇ ಬಹುಮಾನ.

ಧಾರವಾಡದ ಕಡೆಯ ಕಸೂತಿಯನ್ನು ಗಮನಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಅಲ್ಲಿನ ಹೆಣ್ಣುಮಕ್ಕಳು ಗೋಪುರ, ತೇರು, ಆನೆ, ನವಿಲುಗಳನ್ನು ಬಟ್ಟೆಯ ಮೇಲೆ ಮೂಡಿಸುತ್ತ ಬಂದಿದ್ದಾರೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿಯನ್ನು ಚುಚ್ಚಬೇಕು. ಒಂದು ಎಳೆಯ ಲೆಕ್ಕ ತಪ್ಪಿದರೆ ಗೋಪುರದ ಕಳಶ ಓರೆಯಾಗುತ್ತದೆ. ಚನ್ನಪಟ್ಟಣದ ಗೊಂಬೆಗಳನ್ನು ತಯಾರಿಸುವವರು ಲೇತ್ ಯಂತ್ರದ ಮೇಲೆ ಭರದಿಂದ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ತಿಕ್ಕಾಟದಿಂದ ಹುಟ್ಟಿದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಘರ್ಷಣೆಯಿಂದ ಶಾಖವುಂಟಾಗುತ್ತದೆ ಎಂಬ ವಿಜ್ಞಾನದ ಪಾಠ ಅಲ್ಲಿ ಕಣ್ಣೆದುರಿಗೇ ನಡೆಯುತ್ತದೆ.

ಕೈಕಸುಬನ್ನು ಶಿಕ್ಷಣದ ನಡುವಿನಲ್ಲಿ ಇಡಬೇಕೆಂದು ಗಾಂಧೀಜಿಯವರು 1937ರಲ್ಲಿ ವಾರ್ಧಾದ ಶಿಕ್ಷಣ ಸಮ್ಮೇಳನದಲ್ಲಿ ಪ್ರತಿಪಾದಿಸಿದರು. ಅವರ ಯೋಜನೆ ಶಾಲೆಗಳಲ್ಲಿ ಪೂರ್ಣವಾಗಿ ನೆಲೆಗೊಳ್ಳಲಿಲ್ಲ. ಆದರೆ ಅದರ ಹಿಂದಿನ ತತ್ತ್ವ ಇಂದಿಗೂ ಹಳತಾಗಿಲ್ಲ. ಕೈಯಿಂದ ದುಡಿಯುವವರನ್ನು ಕೀಳೆಂದೂ ಕುಳಿತು ಬರೆಯುವವರನ್ನು ಮೇಲೆಂದೂ ಎಣಿಸುವ ರೂಢಿ ಈ ಸಮಾಜದಲ್ಲಿ ಬಹು ಕಾಲದಿಂದ ಬೇರೂರಿದೆ. ಮಣ್ಣನ್ನು ಒಮ್ಮೆ ಮುಟ್ಟಿ, ಸೋತು, ಮತ್ತೆ ಮುಟ್ಟಿದ ಹುಡುಗನಿಗೆ ಕುಂಬಾರನ ಕೌಶಲ ಎಂಥದೆಂದು ಗೊತ್ತಾಗುತ್ತದೆ. ಗೊತ್ತಾದ ಮೇಲೆ ಕುಂಬಾರನನ್ನು ಕೀಳಾಗಿ ಕಾಣಲು ಅವನಿಗೆ ಮನಸ್ಸು ಬರಲಾರದು. ರಜೆಯ ಕೈಕೆಲಸದಿಂದ ಒದಗುವ ಫಲಗಳಲ್ಲಿ ಇದೇ ಶ್ರೇಷ್ಠವಾದುದು.

ಎರಡನೆಯದು ಸಣ್ಣ ಪ್ರವಾಸ. 'ದೇಶ ಸುತ್ತು, ಕೋಶ ಓದು' ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಪ್ರವಾಸವೆಂದರೆ ದೂರದ ಗಿರಿಧಾಮ, ಹೋಟೆಲಿನ ಕೋಣೆ, ಸಾವಿರಾರು ರೂಪಾಯಿಗಳ ವೆಚ್ಚ ಎಂಬ ಕಲ್ಪನೆ ಬೆಳೆದುಬಿಟ್ಟಿದೆ. ಅಷ್ಟು ಹಣವಿಲ್ಲದವರು ತಮಗೆ ಪ್ರವಾಸದ ಭಾಗ್ಯವೇ ಇಲ್ಲವೆಂದು ಕೊರಗುತ್ತಾರೆ. 'ಹಿತ್ತಲ ಗಿಡ ಮದ್ದಲ್ಲ' ಎಂಬ ಇನ್ನೊಂದು ಗಾದೆ ಇಲ್ಲಿ ನಿಜವಾಗುತ್ತದೆ. ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸಿನಲ್ಲಿ ಹೊರಟು ಸಂಜೆಗೆ ಮರಳಬಹುದಾದ ದೂರದಲ್ಲಿ ನೋಡತಕ್ಕುದೇನೂ ಇಲ್ಲದ ಊರು ಕನ್ನಡ ನಾಡಿನಲ್ಲಿ ಅಪರೂಪ.

ಎಷ್ಟೋ ಊರುಗಳ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ವೀರಗಲ್ಲುಗಳು ನಿಂತಿವೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಹಂತಗಳಿರುತ್ತವೆ. ಕೆಳಗೆ ಕಾಳಗದ ದೃಶ್ಯ, ನಡುವೆ ಮಡಿದ ವೀರನನ್ನು ಕೊಂಡೊಯ್ಯುವ ದೇವಕನ್ಯೆಯರು, ಮೇಲೆ ದೈವಸನ್ನಿಧಿಯಲ್ಲಿ ಕುಳಿತ ವೀರ. ಕಳವಾದ ಊರ ದನಗಳನ್ನು ಬಿಡಿಸಿ ತರಲು ಹೋರಾಡಿ ಮಡಿದ ಸಾಮಾನ್ಯರ ನೆನಪಿಗೆ ನಿಲ್ಲಿಸಿದ ಕಲ್ಲುಗಳೂ ಇವುಗಳಲ್ಲಿ ಸೇರಿವೆ. ಬಿ. ಎಲ್. ರೈಸ್ ಅವರು 1886ರಲ್ಲಿ ಪ್ರಕಟಿಸತೊಡಗಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳು ತಾಲ್ಲೂಕಿನ ಕ್ರಮದಲ್ಲಿ ಅಚ್ಚಾಗಿವೆ. ದಿನವೂ ದಾಟಿಹೋಗುವ ಕಲ್ಲೊಂದು ಅಂಥ ಗ್ರಂಥದಲ್ಲಿ ಸೇರಿದೆಯೆಂದು ತಿಳಿದಾಗ ಊರು ಮೊದಲಿನಂತೆ ಕಾಣುವುದಿಲ್ಲ.

ಬೇಸಿಗೆಯಲ್ಲಿ ಮಾತ್ರ ಚೆನ್ನಾಗಿ ಕಾಣುವ ಇನ್ನೊಂದು ವಸ್ತುವೆಂದರೆ ಊರಿನ ಕೆರೆ. ನೀರು ತುಂಬಿದಾಗ ಕೆರೆಯ ಚೆಲುವು ಕಾಣುತ್ತದೆ, ಬತ್ತಿದಾಗ ಅದರ ರಚನೆ ಕಾಣುತ್ತದೆ. ನೀರನ್ನು ತಡೆದು ನಿಲ್ಲಿಸುವ ಏರಿ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಾದ ನೀರು ಹರಿದುಹೋಗುವ ಕೋಡಿ, ಇವುಗಳ ಲೆಕ್ಕಾಚಾರವನ್ನು ಹಿಂದಿನವರು ಹೇಗೆ ಮಾಡಿದರೆಂಬುದನ್ನು ಆಗ ನಿಂತು ನೋಡಬಹುದು. ಹಾಗೆಯೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮೊದಲಾದ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದ ಹಕ್ಕಿಗಳು ಬೇಸಿಗೆಯ ಹೊತ್ತಿಗೆ ಮರಿಗಳನ್ನು ಬೆಳೆಸುತ್ತಿರುತ್ತವೆ. ಹಕ್ಕಿಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಹುಣಸೆಯ ಫಸಲಿಗೆ ಕೊಂಚ ನಷ್ಟವಾದರೂ ಊರಿನವರು ಅವುಗಳನ್ನು ಓಡಿಸದೆ ತಮ್ಮವೆಂದೇ ಕಾಪಾಡಿಕೊಂಡು ಬಂದಿದ್ದಾರೆ. ಒಂದು ಹಗಲಿನ ಪ್ರಯಾಣ ಇಷ್ಟನ್ನು ಕಲಿಸುವುದಾದರೆ ಅದನ್ನು ಸಣ್ಣದೆನ್ನಲಾಗದು.

ಮೂರನೆಯದು ಗಿಡ ಬೆಳೆಸುವುದು. ಹಿತ್ತಿಲಿರುವ ಮನೆಗಳು ನಗರದಲ್ಲಿ ಕಡಿಮೆಯಾಗಿವೆ. ಮಹಡಿಯ ಮೇಲೆ ಮಹಡಿ ಏರಿದ ಕಟ್ಟಡಗಳಲ್ಲಿ ವಾಸಿಸುವವರಿಗೆ ನೆಲವಿಲ್ಲ. ಇರುವುದು ನಾಲ್ಕು ಹೆಜ್ಜೆಯ ಬಾಲ್ಕನಿ ಮಾತ್ರ. ಆದರೂ ತಳಕ್ಕೆ ತೂತು ಮಾಡಿದ ಹಳೆಯ ಡಬ್ಬಿಯೊಂದು, ಕೆಮ್ಮಣ್ಣು, ಸ್ವಲ್ಪ ಮರಳು, ಕೊಳೆತ ಗೊಬ್ಬರ ಇಷ್ಟಿದ್ದರೆ ತೋಟ ಆರಂಭವಾಗುತ್ತದೆ. ಮೆಂತ್ಯದ ಕಾಳು ಅಡುಗೆಮನೆಯಲ್ಲಿಯೇ ಇರುತ್ತದೆ. ಅದನ್ನು ನೆನೆಹಾಕಿ ಬಿತ್ತಿದರೆ ವಾರದೊಳಗೆ ಮೊಳಕೆ ತಲೆಯೆತ್ತುತ್ತದೆ, ಸುಮಾರು ನಾಲ್ಕು ವಾರಗಳಲ್ಲಿ ಸೊಪ್ಪು ಸಾರಿಗೆ ಸಿದ್ಧವಾಗುತ್ತದೆ. ಹರಿವೆ ಸೊಪ್ಪೂ ಹೆಚ್ಚುಕಡಿಮೆ ಅಷ್ಟೇ ಅವಧಿಯದು. ಬಸಳೆ, ದೊಡ್ಡಪತ್ರೆಗಳಿಗೆ ಬೀಜವೂ ಬೇಡ, ನೆರೆಮನೆಯಿಂದ ಬೇಡಿ ತಂದ ಒಂದು ಕಡ್ಡಿ ಸಾಕು. ನೀರಿಗೆ ಬರವಿರುವ ಊರಿನಲ್ಲಿ ಅಕ್ಕಿ, ತರಕಾರಿ ತೊಳೆದ ನೀರನ್ನೇ ಗಿಡಕ್ಕೆ ಹಾಕಬಹುದು.

ಗಿಡ ಸಾಕುವುದರಲ್ಲಿ ಒಂದು ವಿಶೇಷವುಂಟು. ಓದನ್ನು ನಾಳೆಗೆ ಮುಂದೂಡಬಹುದು, ಪರದೆಯ ಮೇಲಿನ ಆಟವನ್ನು ನಡುವೆ ನಿಲ್ಲಿಸಿ ಎದ್ದುಹೋಗಬಹುದು. ಮೇ ತಿಂಗಳ ಬಿಸಿಲಿನಲ್ಲಿ ಒಂದು ದಿನ ನೀರು ಮರೆತರೆ ಎಳೆಯ ಸಸಿ ಸಂಜೆಗೆ ತಲೆ ಬಾಗಿಸುತ್ತದೆ. ತನ್ನನ್ನು ನೆಚ್ಚಿಕೊಂಡು ಒಂದು ಜೀವ ಬದುಕುತ್ತಿದೆ ಎಂಬ ಅರಿವು ಹೊಣೆಗಾರಿಕೆಯ ಮೊದಲ ಪಾಠ. ಈ ಪಾಠವನ್ನು ಜೀವನವಿಡೀ ನಡೆಸಿ ತೋರಿದವರು ಸಾಲುಮರದ ತಿಮ್ಮಕ್ಕ. ಶಾಲೆಯ ಶಿಕ್ಷಣವಿಲ್ಲದ ಆ ತಾಯಿ ಹುಲಿಕಲ್ ಮತ್ತು ಕುದೂರಿನ ನಡುವಿನ ರಸ್ತೆಯ ಇಕ್ಕೆಲಗಳಲ್ಲಿ ಪತಿಯೊಡನೆ ಆಲದ ಸಸಿಗಳನ್ನು ನೆಟ್ಟು, ಕೊಡಗಳಲ್ಲಿ ನೀರು ಹೊತ್ತುಹಾಕಿ, ಮುಳ್ಳಿನ ಬೇಲಿ ಕಟ್ಟಿ ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. 2025ರಲ್ಲಿ ಅವರು ತೀರಿಕೊಂಡರೂ ಆ ಮರಗಳ ನೆರಳು ದಾರಿಹೋಕರಿಗೆ ಉಳಿದಿದೆ. ಬಾಲ್ಕನಿಯ ಕುಂಡಕ್ಕೆ ಎರೆಯುವ ಒಂದು ಚೊಂಬು ನೀರೂ ಅದೇ ಪಾಠದ ಮೊದಲ ಅಕ್ಷರ.

ಇಷ್ಟೆಲ್ಲ ಹೇಳುವಾಗ ಒಂದು ಆಕ್ಷೇಪವನ್ನು ಮರೆಯಲಾಗದು. ರಜೆ ಎಲ್ಲ ಮಕ್ಕಳಿಗೂ ಒಂದೇ ಬಗೆಯಾಗಿ ಬರುವುದಿಲ್ಲ. ಶಾಲೆ ಮುಚ್ಚಿದೊಡನೆ ಹೊಲದ ಕೆಲಸಕ್ಕೋ ಕೂಲಿಗೋ ಹೋಗಬೇಕಾದ ಮಕ್ಕಳಿದ್ದಾರೆ. ಒಂದೇ ಮನೆಯಲ್ಲಿ ಅಣ್ಣನು ಆಡಲು ಹೋದರೆ ತಂಗಿಯು ಕಸ ಗುಡಿಸಿ, ನೀರು ತಂದು, ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬೇಕಾಗುತ್ತದೆ. ಅವಳಿಗೆ ರಜೆಯೆಂದರೆ ಶಾಲೆಯ ಬಿಡುವೇ ಹೊರತು ಕೆಲಸದ ಬಿಡುವಲ್ಲ. ಮನೆಯ ಕೆಲಸದಲ್ಲಿ ನೆರವಾಗುವುದು ಮಕ್ಕಳ ಧರ್ಮವೇ ಸರಿ. ಸಂಡಿಗೆ ಹಪ್ಪಳಗಳನ್ನು ಮಾಡಿ ಒಣಹಾಕುವುದರಲ್ಲಿ ಸಂತೋಷವೂ ಉಂಟು. ಆದರೆ ಆ ನೆರವು ಅಣ್ಣತಂಗಿಯರಲ್ಲಿ ಸಮನಾಗಿ ಹಂಚಿಹೋಗಬೇಕು. ಎಷ್ಟೇ ಬಡ ಮನೆಯಾದರೂ ಪ್ರತಿಯೊಂದು ಮಗುವಿಗೂ ದಿನಕ್ಕೆ ಎರಡು ಗಂಟೆಯಾದರೂ ಅದರದೇ ಆದ ಹೊತ್ತನ್ನು ಉಳಿಸಿಕೊಡುವುದು ಹಿರಿಯರ ಕರ್ತವ್ಯ. ಉಳ್ಳವರ ಮನೆಯಲ್ಲಿ ಶಿಬಿರಗಳು ಕಸಿದುಕೊಳ್ಳುವುದೂ, ಇಲ್ಲದವರ ಮನೆಯಲ್ಲಿ ದುಡಿಮೆ ಕಸಿದುಕೊಳ್ಳುವುದೂ ಇದೇ ಎರಡು ಗಂಟೆಗಳನ್ನು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಏಪ್ರಿಲ್ ಮೇ ತಿಂಗಳುಗಳ ನಡುಹಗಲು ರಾಯಚೂರು, ಕಲಬುರಗಿಯಂಥ ಕಡೆಗಳಲ್ಲಿ 40 ಡಿಗ್ರಿಗೂ ಮೀರಿದ ಉರಿಬಿಸಿಲನ್ನು ತರುತ್ತದೆ. ಹೊರಗಿನ ತಿರುಗಾಟವನ್ನು ಬೆಳಗಿಗೂ ಸಂಜೆಗೂ ಇಟ್ಟುಕೊಂಡು, ಮಧ್ಯಾಹ್ನವನ್ನು ನೆರಳಿನ ಕೈಕೆಲಸಕ್ಕೆ ಮೀಸಲಿಡುವುದು ವಿವೇಕ. ಕೆರೆ, ಬಾವಿ, ಕಲ್ಲು ತೆಗೆದ ಹಳ್ಳಗಳಲ್ಲಿ ದೊಡ್ಡವರಿಲ್ಲದೆ ನೀರಿಗಿಳಿಯಬಾರದು.

ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಮತ್ತೆ ಬಾರಿಸುತ್ತದೆ. ರಜೆಯಲ್ಲಿ ಮಾಡಿದ್ದೆಲ್ಲದರ ವರದಿ ಬರೆಯಿರೆಂದು ಅಂದು ಯಾರೂ ಕೇಳದಿದ್ದರೆ ಒಳ್ಳೆಯದು. ಓರೆಯಾದ ಒಂದು ಬುಟ್ಟಿ, ಕಲ್ಲಿನ ಮೇಲೆ ಕೈಯಾಡಿಸಿ ಗುರುತಿಸಿದ ಕೆಲವು ಹಳಗನ್ನಡದ ಅಕ್ಷರಗಳು, ತಾನೇ ಬೆಳೆದ ಸೊಪ್ಪಿನ ಒಂದು ಹೊತ್ತಿನ ಸಾರು, ಇವುಗಳಿಗೆ ಅಂಕಪಟ್ಟಿಯಲ್ಲಿ ಸ್ಥಳವಿಲ್ಲ. ಆದರೆ ಇವುಗಳನ್ನು ತನ್ನ ಇಚ್ಛೆಯಿಂದ, ತನ್ನ ಹೊತ್ತಿನಲ್ಲಿ ಸಾಧಿಸಿದ ವಿದ್ಯಾರ್ಥಿಯು ಮುಂದೆ ಯಾವ ಉದ್ಯೋಗದಲ್ಲಿದ್ದರೂ ಬಿಡುವನ್ನು ಕಂಡು ಬೇಸರಪಡುವುದಿಲ್ಲ. ಬೇಸರವನ್ನು ಕಳೆಯಲು ಹಣ ತೆತ್ತು ಸಂತೋಷವನ್ನು ಕೊಳ್ಳಬೇಕಾಗಿಯೂ ಬರುವುದಿಲ್ಲ.